ಡಿಗ್ರಿಯ ನೂರರಲ್ಲೊಂದು ಪಾಲು

12 ಫೆಬ್ರವರಿ 2025, ಬುಧವಾರ, ರಾತ್ರಿ

"ಸರ್, ನನಗೆ 180.01 ಬರುತ್ತಿದೆ" ಎಂದು ಮೂರನೆಯ ಸಾಲಿನ ಹುಡುಗಿ ಎದ್ದು ನಿಂತು ಹೇಳಿದ್ದು ಬೆಳಗಿನ ಎರಡನೆಯ ಅವಧಿಯಲ್ಲಿ. ಆಮೇಲಿನ ಗಂಟೆಗಳಲ್ಲಿ ಏನೇನು ಮಾಡಿದೆನೋ ಸರಿಯಾಗಿ ನೆನಪಿಲ್ಲ. ಅವಳ ದನಿ ಮಾತ್ರ ಕಿವಿಯಲ್ಲಿಯೇ ಉಳಿದಿದೆ. ಅವಳು ದೂರುತ್ತಿರಲಿಲ್ಲ, ಪರೀಕ್ಷಿಸುತ್ತಲೂ ಇರಲಿಲ್ಲ. ತನ್ನ ಲೆಕ್ಕದಲ್ಲಿಯೇ ಎಲ್ಲಿಯೋ ತಪ್ಪಿರಬೇಕು ಎಂಬ ಅಳುಕಿನಿಂದ, ಆದರೂ ಎರಡು ಬಾರಿ ಕೂಡಿಸಿ ನೋಡಿದ್ದೇನೆ ಎಂಬ ಸಣ್ಣ ಧೈರ್ಯದಿಂದ ಅವಳು ಕೇಳಿದ್ದಳು. ನಾನು ಅವಳಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಈಗಲೂ ಕೈ ಹಿಂಜರಿಯುತ್ತಿದೆ.

ಶಿಕ್ಷಕ ತರಬೇತಿಯ ಬೋಧನಾಭ್ಯಾಸದಲ್ಲಿ ಇದು ನನ್ನ ಹನ್ನೊಂದನೆಯ ಪಾಠ, ಪ್ರೊಜೆಕ್ಟರ್ ಬಳಸಿ ಮಾಡಿದ ಮೊದಲನೆಯ ಪಾಠ. ಏಳನೆಯ ತರಗತಿ, ತ್ರಿಭುಜದ ಒಳಕೋನಗಳ ಮೊತ್ತ. ಜಿಯೋಜಿಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಒಂದು ತ್ರಿಭುಜವನ್ನು ರಚಿಸಿ, ಅದರ ಯಾವುದೇ ಶೃಂಗವನ್ನು ಮೌಸಿನಿಂದ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತ ಹೋಗುವಂತೆ, ಕೆಳಗೆ ದಪ್ಪ ಅಕ್ಷರದಲ್ಲಿ ಅವುಗಳ ಮೊತ್ತ ಮಾತ್ರ 180° ಎಂದೇ ನಿಲ್ಲುವಂತೆ ಕಡತವನ್ನು ಸಿದ್ಧಪಡಿಸಿಕೊಂಡಿದ್ದೆ. ಅದಕ್ಕೆ ಎರಡು ರಾತ್ರಿಗಳು ಹಿಡಿದವು. ಮೊದಲ ರಾತ್ರಿ ಒಂದು ಶೃಂಗವನ್ನು ಎದುರಿನ ಬಾಹುವಿನ ಆಚೆಗೆ ಎಳೆದ ಕೂಡಲೇ ಮೊತ್ತ 900° ಎಂದು ತೋರಿಸಿದಾಗ ನಾನು ನಿಜವಾಗಿಯೂ ಗಾಬರಿಯಾಗಿದ್ದೆ. ಬಿಂದುಗಳನ್ನು ಆರಿಸಿದ ಕ್ರಮವನ್ನು ಅನುಸರಿಸಿ ತಂತ್ರಾಂಶವು ಕೋನವನ್ನು ಅಪ್ರದಕ್ಷಿಣವಾಗಿ ಅಳೆಯುತ್ತದೆ. ಶೃಂಗ ಆಚೆಗೆ ದಾಟಿದಾಗ ಆ ಕ್ರಮ ತಿರುಗಿಹೋಗಿ, ಒಳಕೋನದ ಬದಲು ಹೊರಗಿನ ದೊಡ್ಡ ಕೋನವನ್ನು ಹಿಡಿಯುತ್ತದೆ. ಮೂರು ಶೃಂಗಗಳಲ್ಲೂ ಹೀಗಾದರೆ 1080ರಿಂದ 180 ಕಳೆದು 900 ಉಳಿಯುತ್ತದೆ. ಕೋನದ ಗುಣಲಕ್ಷಣಗಳಲ್ಲಿ ಮಿತಿಯನ್ನು 0°ಯಿಂದ 180°ಯ ನಡುವೆ ಇರಿಸಿದ ಮೇಲೆ ಎಲ್ಲವೂ ಸರಿಹೋಯಿತು. ಅಂದು ನನ್ನ ಮನಸ್ಸಿನಲ್ಲಿದ್ದುದು ಒಂದೇ ಆಸೆ: ನಾಳೆ ಪರದೆಯ ಮೇಲೆ ಇಂತಹ ಯಾವ ಸಂಖ್ಯೆಯೂ ಕಾಣಿಸಿಕೊಳ್ಳಬಾರದು.

ತರಗತಿಯಲ್ಲಿ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ನಾನು ಶೃಂಗವನ್ನು ಎಳೆದೆ, ಮಕ್ಕಳು ಬೆರಗಿನಿಂದ ನೋಡಿದರು, ಮೊತ್ತ ಕದಲಲಿಲ್ಲ. "ಏನು ಗೊತ್ತಾಯಿತು?" ಎಂದು ಕೇಳಿದೆ, ಇಡೀ ತರಗತಿ ಒಂದೇ ಕಂಠದಿಂದ "ನೂರ ಎಂಬತ್ತು" ಎಂದಿತು. ನಾನು ಹರ್ಷದಿಂದ ಮುಂದಿನ ಚಟುವಟಿಕೆಗೆ ಹೊರಡುವಷ್ಟರಲ್ಲಿ ಆ ಹುಡುಗಿ ಎದ್ದಳು. ಪರದೆಯ ಮೇಲಿದ್ದ ಕೋನಗಳು 47.24°, 68.39°, 64.38°. ಉಳಿದವರೆಲ್ಲ ದಪ್ಪ ಅಕ್ಷರದ ಮೊತ್ತವನ್ನು ಓದುತ್ತಿದ್ದಾಗ ಅವಳು ಈ ಮೂರನ್ನೂ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು ಕೈಯಾರೆ ಕೂಡಿಸಿದ್ದಳು. ನಾನೂ ಮನಸ್ಸಿನಲ್ಲಿಯೇ ಕೂಡಿಸಿದೆ. ಅವಳು ಹೇಳಿದ್ದು ಸರಿಯಾಗಿತ್ತು.

"ಅದು ಏನೂ ಅಲ್ಲಮ್ಮ, ಕಂಪ್ಯೂಟರ್ ರೌಂಡ್ ಆಫ್ ಮಾಡಿರುತ್ತದೆ, ಕೂತುಕೋ."

ಇದೇ ನಾನು ಹೇಳಿದ ಮಾತು. ತಪ್ಪು ಮಾತಲ್ಲ, ಆದರೆ ಅದರಿಂದ ಅವಳಿಗೆ ಏನು ತಿಳಿಯಿತು? ಅವಳು ಕುಳಿತಳು, ರಬ್ಬರಿನಿಂದ ಏನನ್ನೋ ಅಳಿಸಿದಳು. ಅಳಿಸಿದ್ದು ಆ 01 ಇರಬೇಕೆಂದು ಆಗಿನಿಂದ ಅನ್ನಿಸುತ್ತಲೇ ಇದೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕಿ ಮೇಡಂ ವೀಕ್ಷಣಾ ನಮೂನೆಯನ್ನು ಹಿಡಿದು ಕುಳಿತಿದ್ದರು, ಇನ್ನೂ ನಾಲ್ಕು ಸ್ಲೈಡುಗಳು ಬಾಕಿಯಿದ್ದವು, ಅವಧಿ ಮುಗಿಯಲು ಹದಿಮೂರು ನಿಮಿಷಗಳಿದ್ದವು. ಈ ಮೂರು ಕಾರಣಗಳನ್ನೂ ನಾನು ದಿನವಿಡೀ ನನಗೆ ನಾನೇ ಹೇಳಿಕೊಂಡಿದ್ದೇನೆ. ಒಂದೂ ಸಾಕಾಗಲಿಲ್ಲ.

ಪಾಠ ಮುಗಿದ ಮೇಲೆ ಮೇಡಂ ನನ್ನನ್ನು ಖಾಲಿ ತರಗತಿಯಲ್ಲಿಯೇ ಕೂರಿಸಿಕೊಂಡು ಮಾತನಾಡಿದರು. ನಮೂನೆಯಲ್ಲಿ 'ಬೋಧನೋಪಕರಣದ ಬಳಕೆ' ಎಂಬ ಸಾಲಿಗೆ ಒಳ್ಳೆಯ ಅಂಕವನ್ನೇ ಕೊಟ್ಟಿದ್ದರು. ಅದನ್ನು ನೋಡಿ ಸಮಾಧಾನಗೊಳ್ಳುವ ಮೊದಲೇ ಅವರು ಕೇಳಿದರು:

"ಕೋನಮಾಪಕದಿಂದ ಅಳೆದು ಕೂಡಿಸಿದಾಗ 178 ಬಂದರೆ ಮಕ್ಕಳು ಏನು ಹೇಳುತ್ತಾರೆ?"

"ಅಳತೆ ತಪ್ಪಿತು ಎನ್ನುತ್ತಾರೆ, ಮೇಡಂ."

"ಇವತ್ತು ಆ ಮಗು ಏನು ಹೇಳಬೇಕಿತ್ತು? ಅಳೆದದ್ದು ಅವಳಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ಅವರು ಅವಸರಪಡಿಸದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು: "ಮಕ್ಕಳು ಕೂಡಿಸಿ ನೋಡಲಿ ಎಂದು ನಿಮ್ಮ ಪಾಠಯೋಜನೆಯಲ್ಲಿ ಎಲ್ಲಿಯಾದರೂ ಬರೆದಿದ್ದೀರಾ?" ಬರೆದಿರಲಿಲ್ಲ. ವಿದ್ಯಾರ್ಥಿ ಚಟುವಟಿಕೆ ಎಂಬ ಕಾಲಂನಲ್ಲಿ 'ವೀಕ್ಷಿಸುವರು', 'ಗಮನಿಸುವರು', 'ಉತ್ತರಿಸುವರು' ಎಂದಷ್ಟೇ ಇತ್ತು. ಮೇಡಂ ಆ ಮೂರು ಪದಗಳ ಕೆಳಗೆ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದರು. "ಎಳೆದವರು ನೀವು, ಅಳೆದದ್ದು ಅದು, ಕೂಡಿಸಿದ್ದೂ ಅದು. ಮೂವತ್ತೆಂಟು ಮಕ್ಕಳಿಗೆ ಓದಿ ಹೇಳುವ ಕೆಲಸ ಮಾತ್ರ ಉಳಿಯಿತು. ಒಬ್ಬಳು ಮಾತ್ರ ನೀವು ಕೊಡದ ಕೆಲಸವನ್ನು ತಾನೇ ಹಚ್ಚಿಕೊಂಡಳು."

ಮೇಡಂ ಗಣಕಯಂತ್ರವನ್ನು ವಿರೋಧಿಸುವವರಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಕಾಗದದ ತ್ರಿಭುಜದ ಮೂರು ಮೂಲೆಗಳನ್ನು ಹರಿದು, ತುದಿಗಳನ್ನು ಒಂದು ಬಿಂದುವಿನಲ್ಲಿ ಕೂಡಿಸಿ, ಸರಳಕೋನವಾಗುವುದನ್ನು ತೋರಿಸುತ್ತಲೇ ಅವರು ವರ್ಷಗಟ್ಟಲೆ ಪಾಠ ಮಾಡಿದ್ದಾರೆ. "ಆದರೆ ಒಂದು ನಿಮಿಷದಲ್ಲಿ ಐವತ್ತು ತ್ರಿಭುಜಗಳನ್ನು ತೋರಿಸುವುದು ನನ್ನ ಕಾಗದಕ್ಕಾಗಲಿ ಸೀಮೆಸುಣ್ಣಕ್ಕಾಗಲಿ ಸಾಧ್ಯವಿಲ್ಲ, ಅದನ್ನು ನಾನು ಒಪ್ಪುತ್ತೇನೆ" ಎಂದರು. ಚಪ್ಪಟೆಯಾದ ತ್ರಿಭುಜ, ಸೂಜಿಯಂತಹ ತ್ರಿಭುಜ, ಇನ್ನೇನು ಸರಳರೇಖೆಯಾಗಿಬಿಡುತ್ತದೆ ಎನ್ನುವಂತಹ ತ್ರಿಭುಜ, ಇವುಗಳಲ್ಲೂ ಮೊತ್ತ ಬದಲಾಗುವುದಿಲ್ಲ ಎಂಬ ಸಂಶಯರಹಿತ ಅನುಭವವನ್ನು ಪರದೆ ಕೊಡಬಲ್ಲದು. ಆಮೇಲೆ ಅವರು ಹೇಳಿದ ಮಾತು ನನ್ನನ್ನು ಹೆಚ್ಚು ಕಾಡುತ್ತಿದೆ: "ಐವತ್ತು ಅಲ್ಲ, ಐದು ಸಾವಿರ ತ್ರಿಭುಜ ತೋರಿಸಿದರೂ ಅದು ಸಾಧನೆಯಾಗುವುದಿಲ್ಲ, ಅಂದರೆ ತರ್ಕದಿಂದ ಕೊಟ್ಟ ಪುರಾವೆಯಾಗುವುದಿಲ್ಲ. ಸಾಧನೆ ಏಕೆ ಬೇಕು ಎಂದು ಮಕ್ಕಳಿಗೆ ಅನ್ನಿಸುವಂತೆ ಮಾಡುವುದು ಹೇಗೆ ಎಂಬುದೇ ಈ ಪಾಠದ ಕಷ್ಟ. ಇವತ್ತು ಅವಳು ಆ ಕಷ್ಟವನ್ನು ನಿಮಗಾಗಿ ಪರಿಹರಿಸಿದ್ದಳು."

ಅದಾದ ಮೇಲೆ ಘಂಟೆ ಬಾರಿಸಿತು, ಅವರು ಇನ್ನೊಂದು ತರಗತಿಗೆ ಹೋದರು.

ಕಳೆದ ಸೆಮಿಸ್ಟರಿನಲ್ಲಿ ಮಿಶ್ರಾ ಮತ್ತು ಕೋಹ್ಲರ್ ಅವರು 2006ರಲ್ಲಿ ಮಂಡಿಸಿದ ಮೂರು ವೃತ್ತಗಳ ಚೌಕಟ್ಟನ್ನು ನಾನು ಎಷ್ಟು ಅಂದವಾಗಿ ಬರೆದಿದ್ದೆ! ವಿಷಯಜ್ಞಾನ ಒಂದು ವೃತ್ತ, ಬೋಧನಾಜ್ಞಾನ ಇನ್ನೊಂದು, ತಂತ್ರಜ್ಞಾನ ಮತ್ತೊಂದು. ಮೂರೂ ಒಂದರ ಮೇಲೊಂದು ಬಂದು ನಡುವೆ ಉಳಿಯುವ ಸಣ್ಣ ಜಾಗವೇ ಶಿಕ್ಷಕರು ನಿಲ್ಲಬೇಕಾದ ಜಾಗ. ಮೊದಲೆರಡು ವೃತ್ತಗಳು ಕೂಡುವ ಭಾಗದ ಮಹತ್ವವನ್ನು ಶುಲ್ಮನ್ ಅವರು 1986ರಲ್ಲಿಯೇ ಎತ್ತಿ ತೋರಿಸಿದ್ದರು ಎಂಬುದನ್ನೂ ಸೇರಿಸಿದ್ದೆ. ಇಂದು ನನ್ನ ಮೂರೂ ವೃತ್ತಗಳು ಬೇರೆಬೇರೆಯಾಗಿಯೇ ನಿಂತಿದ್ದವು. ರೌಂಡ್ ಆಫ್ ಎಂದರೇನೆಂದು ನನಗೆ ಗೊತ್ತಿತ್ತು. ಮಗುವಿನ ಪ್ರಶ್ನೆಯನ್ನು ತರಗತಿಯ ಪ್ರಶ್ನೆಯನ್ನಾಗಿ ಮಾಡಬೇಕೆಂಬುದೂ ಗೊತ್ತಿತ್ತು. ಜಿಯೋಜಿಬ್ರಾದ ಆಯ್ಕೆಗಳಲ್ಲಿ ದಶಮಾಂಶ ಸ್ಥಾನಗಳನ್ನು ಹೆಚ್ಚಿಸಬಹುದು, 15ರವರೆಗೂ ಕೇಳಬಹುದು ಎಂಬುದೂ ಗೊತ್ತಿತ್ತು. ಎರಡು ಕ್ಲಿಕ್ಕುಗಳಲ್ಲಿ ಆ ಕೋನಗಳು 47.236, 68.387, 64.377 ಎಂದು ಬಿಚ್ಚಿಕೊಳ್ಳುತ್ತಿದ್ದವು, ಅವಳು ಮತ್ತೊಮ್ಮೆ ಕೂಡಿಸಿದ್ದರೆ ಸರಿಯಾಗಿ 180 ಬರುತ್ತಿತ್ತು. ಪರದೆಯ ಮೊತ್ತ ಏಕೆ ಮೊದಲಿನಿಂದಲೂ 180 ಎಂದೇ ತೋರಿಸುತ್ತಿತ್ತು ಎಂಬುದೂ ಅಲ್ಲಿಯೇ ತಿಳಿಯುತ್ತಿತ್ತು: ತಂತ್ರಾಂಶ ಕೂಡಿಸುವುದು ತಾನು ಒಳಗೆ ಇಟ್ಟುಕೊಂಡ ಪೂರ್ಣ ಬೆಲೆಗಳನ್ನು, ನಮಗೆ ತೋರಿಸುವುದು ರೌಂಡ್ ಆಫ್ ಮಾಡಿದ ಬೆಲೆಗಳನ್ನು. ಗೊತ್ತಿದ್ದ ಈ ಮೂರು ಸಂಗತಿಗಳು ಆ ಅರ್ಧ ನಿಮಿಷದಲ್ಲಿ ಒಟ್ಟಿಗೆ ಬರಲಿಲ್ಲ.

ವಿಜ್ಞಾನದ ಗೆಳತಿಗೆ ಸಂಜೆ ಇದನ್ನೆಲ್ಲ ಹೇಳಿದೆ. ಅವಳು ಕಳೆದ ವಾರ ಫೆಟ್ ಸಿಮ್ಯುಲೇಶನ್ನುಗಳಲ್ಲಿ, ಅಂದರೆ ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಅನುಕರಣೆಗಳಲ್ಲಿ, ವಿದ್ಯುನ್ಮಂಡಲದ ಪಾಠ ಮಾಡಿದ್ದಳು. ಅಲ್ಲಿಯ ಬ್ಯಾಟರಿ ಎಷ್ಟು ಹೊತ್ತು ಉರಿಸಿದರೂ ಖಾಲಿಯಾಗುವುದಿಲ್ಲ. ಅದನ್ನು ನೋಡಿದ ಒಬ್ಬ ಹುಡುಗ ಪ್ರಯೋಗಾಲಯದ ನಿಜವಾದ ಬಲ್ಬು ಮಂದವಾದಾಗ "ಇದು ಕೆಟ್ಟಿದೆ" ಎಂದನಂತೆ. ಅವಳು ಅಂದೇ ಪಾಠವನ್ನು ನಿಲ್ಲಿಸಿ, ಸಿಮ್ಯುಲೇಶನ್ ಏನನ್ನು ಬಿಟ್ಟಿದೆ ಎಂಬ ಪಟ್ಟಿಯನ್ನು ಮಕ್ಕಳಿಂದಲೇ ಮಾಡಿಸಿದಳಂತೆ. ಅವಳ ಮೇಲೆ ನನಗೆ ಗೌರವ ಹುಟ್ಟಿತು, ಜೊತೆಗೆ ನನ್ನ ಬಗ್ಗೆ ದುಃಖವೂ.

ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಅದೇ ಕಡತದಲ್ಲಿ ಶೃಂಗವನ್ನು ಮನಸ್ಸಿಗೆ ಬಂದ ಕಡೆಗೆಲ್ಲ ನಲವತ್ತು ಬಾರಿ ಎಳೆದು, ಪ್ರತಿ ಬಾರಿಯೂ ಕಂಡ ಮೂರು ಸಂಖ್ಯೆಗಳನ್ನು ಕೈಯಿಂದ ಕೂಡಿಸಿದೆ. ಹನ್ನೊಂದು ಬಾರಿ ಮೊತ್ತ 180 ಆಗಲಿಲ್ಲ. ಆರು ಬಾರಿ 180.01, ಐದು ಬಾರಿ 179.99. ಇಷ್ಟು ಪದೇಪದೇ ಬರುತ್ತದೆಯೇ ಎಂದು ಆಶ್ಚರ್ಯವಾಗಿ ಕಾಗದ ತೆಗೆದುಕೊಂಡೆ. ಮೊದಲ ಎರಡು ಕೋನಗಳನ್ನು ರೌಂಡ್ ಆಫ್ ಮಾಡುವಾಗ ಬಿಟ್ಟುಹೋದ ಅಥವಾ ಹೆಚ್ಚಾಗಿ ಸೇರಿದ ಪಾಲುಗಳು ಕೊನೆಯ ಸ್ಥಾನದ ಅರ್ಧದವರೆಗೆ ಎಷ್ಟು ಬೇಕಾದರೂ ಇರಬಹುದು. ಎರಡರ ಮೊತ್ತ ಆ ಅರ್ಧವನ್ನು ದಾಟಿದರೆ ಮೂರನೆಯ ಕೋನ ಅದನ್ನು ಸರಿದೂಗಿಸಲಾರದು. ಒಂದು ಪಾಲನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಗುರುತಿಸಿ ಚೌಕ ಬರೆದರೆ, ಲೆಕ್ಕ ತಪ್ಪುವ ಜಾಗಗಳು ಆ ಚೌಕದ ಎದುರುಬದುರು ಮೂಲೆಗಳಲ್ಲಿ ಎರಡು ತ್ರಿಭುಜಗಳಾಗಿ ನಿಲ್ಲುತ್ತವೆ, ಪ್ರತಿಯೊಂದೂ ಚೌಕದ ಎಂಟನೆಯ ಒಂದು ಪಾಲು. ಎರಡೂ ಸೇರಿ ಕಾಲು ಭಾಗ. ಅಂದರೆ ಸುಮಾರು ನಾಲ್ಕು ಬಾರಿ ಎಳೆದರೆ ಒಂದು ಬಾರಿ ಅವಳು ಕಂಡದ್ದೇ ಕಾಣಬೇಕು. ನಾನು ತರಗತಿಯಲ್ಲಿ ಹತ್ತಾರು ಬಾರಿ ಎಳೆದಿದ್ದೆ. ಅದು ನಮ್ಮೆಲ್ಲರ ಕಣ್ಣೆದುರಿಗೇ ಹಲವು ಸಲ ಬಂದು ಹೋಗಿರಬೇಕು.

ಈ ಚೌಕವನ್ನು ಬರೆದು ಮುಗಿಸಿದಾಗ ಆದ ಸಂತೋಷವನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ ಕೋಣೆಯಲ್ಲಿ ಒಂದು ಸುತ್ತು ನಡೆದೆ. ತಪ್ಪೊಂದರ ಒಳಗೆ ಇಷ್ಟು ಅಚ್ಚುಕಟ್ಟಾದ ಗಣಿತ ಅಡಗಿತ್ತು.

ಆದರೆ ದಶಮಾಂಶಗಳನ್ನು ಹೆಚ್ಚಿಸುವುದೂ ಪೂರ್ಣ ಉತ್ತರವಲ್ಲ ಎಂಬುದು ಅದರ ಹಿಂದೆಯೇ ಹೊಳೆಯಿತು. ಗಣಕಯಂತ್ರ ಸಾಮಾನ್ಯವಾಗಿ ಸಂಖ್ಯೆಗಳನ್ನು ಇರಿಸಿಕೊಳ್ಳುವುದು ದ್ವಿಮಾನ ಪದ್ಧತಿಯಲ್ಲಿ, ಹದಿನೈದು ಹದಿನಾರು ಅಂಕಿಗಳ ನಿಖರತೆಯವರೆಗೆ ಮಾತ್ರ, 0.1 ಎಂಬ ಸರಳ ಸಂಖ್ಯೆಯನ್ನೂ ಅದು ಸರಿಯಾಗಿ ಹಿಡಿದಿಡಲಾರದು, 0.1ಕ್ಕೆ 0.2 ಕೂಡಿಸಿದರೆ ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಕೊನೆಯಲ್ಲೊಂದು 4 ಇಣುಕುತ್ತದೆ. ಹಾಗಾದರೆ ಪರದೆಯ ಮೇಲೆ ಎಲ್ಲಿಯವರೆಗೆ ಹೋದರೂ ಅಳತೆಯೇ ಹೊರತು ನಿಶ್ಚಯ ಸಿಗುವುದಿಲ್ಲ. ನಿಶ್ಚಯ ಸಿಗುವುದು ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಎಳೆದ ಆ ಒಂದು ಗೆರೆಯಿಂದ. ಪರ್ಯಾಯ ಕೋನಗಳು ಸಮ, ಮೂರೂ ಒಂದೇ ಸರಳಕೋನದಲ್ಲಿ ಬಂದು ಕೂಡುತ್ತವೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಯೂಕ್ಲಿಡ್ ತನ್ನ ಮೊದಲ ಪುಸ್ತಕದ 32ನೆಯ ಪ್ರಮೇಯದಲ್ಲಿ ಸಮಾಂತರ ರೇಖೆಯೊಂದನ್ನು ಎಳೆದೇ ಇದನ್ನು ಸಾಧಿಸಿದ. ಅವನ ಆಕೃತಿಯಲ್ಲಿ ಒಂದೂ ಅಳತೆಯಿಲ್ಲ. ನನ್ನ ಉಳಿದ ನಾಲ್ಕು ಸ್ಲೈಡುಗಳಲ್ಲಿ ಕೊನೆಯದು ಇದೇ ಸಾಧನೆಯಾಗಿತ್ತು. ಮಕ್ಕಳು ಅದನ್ನು ಇನ್ನೊಂದು ಟಿಪ್ಪಣಿಯೆಂಬಂತೆ ಬರೆದುಕೊಂಡರು, ಏಕೆಂದರೆ ಅವರ ಪಾಲಿಗೆ ವಿಷಯ ಆಗಲೇ ಮುಗಿದಿತ್ತು.

ಜಿಯೋಜಿಬ್ರಾವನ್ನು ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕಾಗಿ ಆರಂಭಿಸಿದರೆಂದು ಓದಿದ್ದೇನೆ. ಅವರೂ ಆಗ ವಿದ್ಯಾರ್ಥಿಯೇ. ಈ ಉಪಕರಣವನ್ನು ದೂಷಿಸುವ ಮನಸ್ಸು ನನಗೆ ಎಳ್ಳಷ್ಟೂ ಇಲ್ಲ. ಅದು ಕೇಳಿದ್ದನ್ನು ಕೇಳಿದಷ್ಟು ತೋರಿಸಿತು. ಮೊತ್ತವನ್ನು ದಪ್ಪ ಅಕ್ಷರದಲ್ಲಿ ತೋರಿಸೆಂದು ಕೇಳಿದವನು ನಾನು.

ಈಗ ಕಡತದಿಂದ ಆ ಮೊತ್ತದ ಸಾಲನ್ನು ತೆಗೆದುಹಾಕಿದ್ದೇನೆ. ಶುಕ್ರವಾರ ಅದೇ ತರಗತಿಯಲ್ಲಿ ನನಗೆ ಇನ್ನೊಂದು ಅವಧಿಯಿದೆ. ಪ್ರತಿ ಬೆಂಚಿನವರೂ ಒಂದೊಂದು ತ್ರಿಭುಜವನ್ನು ಪರದೆಯ ಮೇಲೆ ತಾವೇ ಎಳೆದು, ಕಂಡ ಕೋನಗಳನ್ನು ತಾವೇ ಕೂಡಿಸಿ ಕರಿಹಲಗೆಯ ಮೇಲೆ ಬರೆಯಲಿ ಎಂದುಕೊಂಡಿದ್ದೇನೆ. ಹತ್ತೊಂಬತ್ತು ಬೆಂಚುಗಳಲ್ಲಿ ಸುಮಾರು ನಾಲ್ಕೈದು ಕಡೆ 01 ಅಥವಾ 99 ಬರಬಹುದು. ಬರದಿದ್ದರೆ ಏನು ಮಾಡುವುದು ಎಂಬುದನ್ನೂ ಯೋಚಿಸಬೇಕು. ಅದಕ್ಕಿಂತ ಮೊದಲು ಅವಳ ಬಳಿ ಹೋಗಿ, ನೀನು ಕೂಡಿಸಿದ್ದು ಸರಿಯಾಗಿತ್ತು ಎಂದು ಹೇಳಬೇಕು. ಎಲ್ಲರೆದುರಿಗೆ ಕೂರಿಸಿದ್ದನ್ನು ಎಲ್ಲರೆದುರಿಗೇ ಸರಿಪಡಿಸಬೇಕೋ, ಅಥವಾ ಅವಳು ಸಂಕೋಚದ ಸ್ವಭಾವದವಳಾದ್ದರಿಂದ ಮೊದಲು ಒಬ್ಬಳಿಗೇ ಹೇಳಿ, ಆಮೇಲೆ ತರಗತಿಯಲ್ಲಿ ಅವಳೇ ಕೇಳುವಂತೆ ಬಿಡಬೇಕೋ, ಮೇಡಂ ಅವರನ್ನು ನಾಳೆ ಕೇಳಿ ನೋಡುತ್ತೇನೆ.