ಒಂದು ದಿನ ಪೂಜೆ ತಪ್ಪಿದರೆ ಏನಾಗುತ್ತೆ?

ನಮ್ಮ ದೇವರಕೋಣೆಯಲ್ಲಿ ಶ್ರೀಚಕ್ರ, ಅಂದರೆ ತಾಮ್ರದ ತಗಡಿನ ಮೇಲೆ ಗೆರೆಗಳಲ್ಲಿ ಕೊರೆದ ದೇವಿಯ ಯಂತ್ರ, ಇರುವುದು ಗೊತ್ತಾದವರೆಲ್ಲ ಸುತ್ತಿ ಬಳಸಿ ಕೇಳುವುದು ಒಂದೇ ಮಾತು: "ಅಲ್ಲಾ ಕಣ್ರೀ, ಅದಕ್ಕೆ ಭಾರಿ ಮಡಿ ಬೇಕಂತಲ್ಲ, ಒಂದು ದಿನ ಪೂಜೆ ತಪ್ಪಿದ್ರೆ ಏನಾಗುತ್ತೆ?" ಮೊನ್ನೆ ಗೃಹಪ್ರವೇಶದ ಪಂಕ್ತಿಯಲ್ಲಿ ಪಕ್ಕ ಕೂತವರೂ ಇದನ್ನೇ ಕೇಳಿದರು. ಎಲೆಗೆ ಹೋಳಿಗೆ ಬಂದಿತ್ತು, ಮಾತು ಅರ್ಧಕ್ಕೇ ನಿಂತಿತು. ಉಳಿದದ್ದು ಇಲ್ಲಿ.

ಕಿಲುಬು ಹಿಡಿಯುತ್ತೆ. ಅಷ್ಟೇ.

ತಮಾಷೆಗೆ ಹೇಳುತ್ತಿಲ್ಲ. ನನ್ನ ತವರು ಹಾಸನ. ಅಲ್ಲಿಯ ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ವರ್ಷವಿಡೀ ಮುಚ್ಚಿದ್ದರೂ ಒಳಗೆ ದೀಪ ಆರಿರುವುದಿಲ್ಲ, ಹೂ ಬಾಡಿರುವುದಿಲ್ಲ ಅಂತ ಊರಿನ ನಂಬಿಕೆ. ಮದುವೆಯಾಗಿ ಬಂದದ್ದು ಸಕಲೇಶಪುರಕ್ಕೆ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆಗೆ ಡಬ್ಬಿಯ ಉಪ್ಪು ನೀರಾಗುತ್ತೆ, ಒಗೆದ ಬಟ್ಟೆ ವಾರವಾದರೂ ಮುಗ್ಗಲು ವಾಸನೆ. ತಾಮ್ರದ ತಗಡು ನಾಲ್ಕು ದಿನಕ್ಕೇ ಕಪ್ಪಾಗುತ್ತೆ. ಗೆರೆಗಳೊಳಗೆ ಒದ್ದೆ ಕುಂಕುಮ ಕೂತಿದ್ದರಂತೂ ಅದರಡಿ ಹಸಿರು ಕಿಲುಬು. ಹಾಸನಾಂಬೆಯ ಹೂವಿನ ಭಾಗ್ಯ ನಮ್ಮ ತಗಡಿಗಿಲ್ಲ.

ಭಯ ಹುಟ್ಟಿದ್ದು ಎರಡು ಬಗೆಯ ಪೂಜೆಯನ್ನು ಒಂದು ಮಾಡಿಕೊಂಡಿದ್ದರಿಂದ. ನವಾವರಣ ಪೂಜೆ ಅಂತ ಇದೆ. ಯಂತ್ರದ ಹೊರಗಿನ ಚೌಕಟ್ಟಾದ ಭೂಪುರದಿಂದ ನಡುವಿನ ಬಿಂದುವಿನವರೆಗೆ ಒಂಬತ್ತು ಆವರಣ, ಒಂದೊಂದಕ್ಕೂ ದೇವತೆಗಳು, ಮುದ್ರೆ, ಮಂತ್ರ. ಅದಕ್ಕೆ ಗುರುಗಳಿಂದ ಉಪದೇಶವಾಗಿರಬೇಕು, ಹಿಡಿದರೆ ನಿಯಮ ಬಿಡುವಂತಿಲ್ಲ. ಶುಕ್ರವಾರ ಲಲಿತಾ ಸಹಸ್ರನಾಮ ಹೇಳಿ ಬಿಂದುವಿಗೆ ಕುಂಕುಮಾರ್ಚನೆ ಮಾಡುವ ನನ್ನಂಥವಳ ಪಾಡು ಬೇರೆ. ಉಳಿದ ದಿನ ಒಣಬಟ್ಟೆಯಲ್ಲಿ ಒರೆಸಿ, ಗಂಧ ಕುಂಕುಮ ಇಟ್ಟು, ದೀಪ ಹಚ್ಚಿ, ಒಂದು ಚೂರು ಬೆಲ್ಲ. ನಾನು ಮುಟ್ಟಾದಾಗ ಯಜಮಾನರು ಹೂವಿಡುತ್ತಾರೆ. ಊರಿಗೆ ಹೋಗುವಾಗ ಚೆನ್ನಾಗಿ ಒರೆಸಿ, ಒಣ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟು ಹೋಗುತ್ತೇವೆ.

ಕೊಳ್ಳುವವರಿಗೆ ಒಂದು ಮಾತು. ಬಿಂದುವಿನ ಸುತ್ತ ಐದು ಶಕ್ತಿ ತ್ರಿಕೋನ ಕೆಳಮುಖ, ನಾಲ್ಕು ಶಿವ ತ್ರಿಕೋನ ಮೇಲ್ಮುಖ. ಇವು ಒಂದನ್ನೊಂದು ಕತ್ತರಿಸಿ 43 ಚಿಕ್ಕ ತ್ರಿಕೋನಗಳಾಗಬೇಕು. ನಡುವೆ 1, ಆಮೇಲೆ 8, 10, ಮತ್ತೆ 10, ಹೊರಗೆ 14. ಅಂಗಡಿಯಲ್ಲೇ ಕೂತು ಎಣಿಸಿ, ನಾಚಿಕೆ ಬೇಡ. ಅಗ್ಗದ ಅಚ್ಚಿನಲ್ಲಿ ಮೂರು ಗೆರೆ ಸೇರಬೇಕಾದ ಮರ್ಮಸ್ಥಾನದಲ್ಲಿ ಎರಡೇ ಸೇರಿ, ಮೂರನೆಯದು ಪಕ್ಕದಲ್ಲಿ ಹಾದುಹೋಗಿರುತ್ತೆ. ಹೊಳಪು ನೋಡಿ ಕೊಂಡವರಿಗೆ ಇದು ಕಾಣುವುದಿಲ್ಲ. ನಮ್ಮೂರಲ್ಲೇ ಒಬ್ಬರು ಚಿನ್ನದ ಲೇಪದ ಮೇರು, ಅಂದರೆ ಬೆಟ್ಟದಂತೆ ಎತ್ತರಿಸಿದ ಶ್ರೀಚಕ್ರ, ತಂದು ಹುಣಸೆಹಣ್ಣು ಹಾಕಿ ತಿಕ್ಕಿದರು. ನವರಾತ್ರಿ ಮುಗಿಯುವಷ್ಟರಲ್ಲಿ ಚಿನ್ನವೂ ಮುಗಿದಿತ್ತು. ಲೇಪದ್ದಕ್ಕೆ ಮೆತ್ತನೆ ಬಟ್ಟೆ, ನೀರು, ಅಷ್ಟೇ ಸಾಕು.

ದಿಕ್ಕಿನ ಬಗ್ಗೆ ವಾಸ್ತುವಿನವರು ತಲೆ ಕೆಡಿಸುತ್ತಾರೆ. ಪೂಜಿಸುವವನಿಗೂ ದೇವಿಗೂ ನಡುವೆ ಇರುವುದೇ ಪೂರ್ವ ಅಂತ ತಂತ್ರದವರ ಲೆಕ್ಕ. ನಮ್ಮಲ್ಲಿ ಒಳ ತ್ರಿಕೋನದ ತುದಿ ನಮ್ಮ ಕಡೆಗೆ ಬರುವಂತೆ ಮಣೆಯ ಮೇಲೆ ಮಲಗಿಸಿಡುತ್ತೇವೆ.

ಇನ್ನು ತೊಳೆಯುವುದು. ಬರೀ ತಾಮ್ರಕ್ಕೆ ಹುಣಸೆಹಣ್ಣು ಒಳ್ಳೆಯದೇ, ಆದರೆ ನೆನೆಸಿ ಕಿವುಚಿದ ರಸ ಸವರಿ ಎರಡು ನಿಮಿಷ ಬಿಡಬೇಕು, ತಿಕ್ಕಬಾರದು. ಗೆರೆಯೊಳಗಿನ ಕುಂಕುಮಕ್ಕೆ ಮೆದು ಬ್ರಷ್. ಹುಳಿಯ ಅಂಶ ಉಳಿದರೆ ಮತ್ತೆ ಕಿಲುಬು, ಹಾಗಾಗಿ ಎರಡು ಮೂರು ನೀರು ಹಾಕಿ ತಕ್ಷಣ ಒರೆಸಿ. ಮಳೆಗಾಲದಲ್ಲಿ ನಾನು ಒಲೆಕಟ್ಟೆಯ ಮೇಲೆ ಕಾಲುಗಂಟೆ ಬಿಸಿಗೆ ಇಡುತ್ತೇನೆ. ಪಂಚಾಮೃತ ಅಭಿಷೇಕವಾದರೆ ಹಾಲು ಮೊಸರು ನಿಲ್ಲಲು ಬಿಡಬೇಡಿ. ತಾಮ್ರಕ್ಕೆ ತಾಗಿ ಬಹಳ ಹೊತ್ತು ನಿಂತ ಮೊಸರು ಕುಡಿಯಲು ಯೋಗ್ಯವಲ್ಲ, ತೀರ್ಥವಾದರೂ ಸರಿ.

ಇಷ್ಟೆಲ್ಲ ಕಲಿತದ್ದು ನಮ್ಮತ್ತೆಯ ತಗಡಿನಿಂದ. ಶಂಕರಾಚಾರ್ಯರು ಬಂಡೆಯ ಮೇಲೆ ಶ್ರೀಚಕ್ರ ಬರೆದು ಅದರ ಮೇಲೆ ಶ್ರೀಗಂಧದ ಶಾರದೆಯನ್ನು ನಿಲ್ಲಿಸಿದರು ಎನ್ನುವ ಶೃಂಗೇರಿಗೆ ಹೋದಾಗ ಅತ್ತೆ ತಂದದ್ದು, ಅಂಗೈ ಅಗಲ. ಪ್ರತಿ ಶುಕ್ರವಾರ ತೆಂಗಿನ ನಾರು, ಬೂದಿ, ಹುಣಸೆಹಣ್ಣು. ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಬರುವ ಹೊತ್ತಿಗೆ ಭೂಪುರದ ಮೂರು ಗೆರೆಯಲ್ಲಿ ಒಂದೇ ಉಳಿದಿತ್ತು, ಅದರೊಳಗಿನ ಕಮಲದ ಹದಿನಾರು ದಳ ಬೆರಳಿಗೆ ಸಿಗುತ್ತಿರಲಿಲ್ಲ. ಭಟ್ಟರು ನೋಡಿ, "ಗೆರೆ ಹೋದಮೇಲೆ ಯಂತ್ರ ಅಲ್ಲಮ್ಮ, ಹೊಸದು ಮಾಡಿಸಿ, ಇದನ್ನ ಹೊಳೆಗೆ ಬಿಡಿ" ಎಂದರು.

ಹೊಸದು ಬಂತು. ಹಳೆಯದನ್ನು ಹಿಡಿದು ಅತ್ತೆ ಹೇಮಾವತಿಗೆ ಹೋದರು, ಮೊಣಕಾಲವರೆಗೆ ನೀರಿಗೂ ಇಳಿದರು. ಅರ್ಧಗಂಟೆ ಬಿಟ್ಟು ಒದ್ದೆ ಸೆರಗಲ್ಲಿ ಸುತ್ತಿಕೊಂಡು ವಾಪಸ್ ತಂದರು. "ಹೊಳೇಲಿ ಯಾರು ಒರೆಸ್ತಾರೆ ಇದನ್ನ" ಅಂದರು. ಈಗ ಹೊಸದರ ಅಡಿಯಲ್ಲೇ ಇದೆ. ಶುಕ್ರವಾರ ಎರಡನ್ನೂ ತೊಳೆಯುತ್ತೇನೆ, ನಾರು ಮುಟ್ಟಿಸದೆ.