ಸೈನ್ಡ್-ಆಫ್-ಬೈ ಸಾಲಿಗೆ ತೆತ್ತ ಬೆಲೆ

ಕನ್ನಡದಲ್ಲಿ ರಸೀದಿ ಮುದ್ರಿಸುವ ತಂತ್ರಾಂಶವೊಂದನ್ನು ಬೆಂಗಳೂರಿನ ಕಂಪನಿಯೊಂದಕ್ಕೆ ಫ್ರೀಲಾನ್ಸರ್ ಆಗಿ ಬರೆದುಕೊಡುತ್ತಿದ್ದೆ. ಅದರಲ್ಲಿ ಬಳಸಿದ್ದ ಓಪನ್ ಸೋರ್ಸ್ ಪಿಡಿಎಫ್ ಲೈಬ್ರರಿಯು ಅಕ್ಷರಗಳು ಕೂಡಿದಾಗ ಯಾವ ರೂಪ ತಾಳಬೇಕೆಂದು ಹೇಳುವ ಫಾಂಟಿನ ಜಿಸಬ್ ಟೇಬಲ್ಲನ್ನು ನೋಡದೆ, ಯೂನಿಕೋಡ್ ಸಂಕೇತದಿಂದ ನೇರವಾಗಿ ಗ್ಲಿಫ್‌ಗೆ, ಅಂದರೆ ಅಕ್ಷರದ ಚಿತ್ರಕ್ಕೆ, ಜಿಗಿಯುತ್ತಿದ್ದುದರಿಂದ ಅರ್ಕಾವತ್ತು, ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬೀಳುತ್ತಿದ್ದವು. ನಡುವೆ ಅಕ್ಷರಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ತಂತ್ರಾಂಶ ಜೋಡಿಸಿದ ಮೇಲೆ ಸರಿಹೋಯಿತು. ಈ ತಿದ್ದುಪಡಿಯ ಪ್ಯಾಚನ್ನು ಅಪ್‌ಸ್ಟ್ರೀಮ್‌ಗೆ, ಅಂದರೆ ಲೈಬ್ರರಿಯ ಮೂಲ ಯೋಜನೆಗೆ, ಕಳುಹಿಸಬಹುದೇ ಎಂದು ಚಾಟ್‌ನಲ್ಲಿ ಕೇಳಿದಾಗ ಪ್ರಾಜೆಕ್ಟ್ ಮ್ಯಾನೇಜರ್ ಹೆಬ್ಬೆರಳಿನ ಚಿಹ್ನೆ ಹಾಕಿದರು, ಅಷ್ಟು ಸಾಕೆಂದುಕೊಂಡೆ.

ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಅಂದರೆ ಪುಲ್ ರಿಕ್ವೆಸ್ಟ್, ಹಾಕಿದೊಡನೆ ಡಿಸಿಒ (ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್) ಪರೀಕ್ಷೆ ಕೆಂಪಾಯಿತು. ಎಲ್ಲರೂ ಮಾಡುವಂತೆ ಕಮಿಟ್ (ಬದಲಾವಣೆಯ ದಾಖಲೆ) ತಿದ್ದಿ, ಸೈನ್ಡ್-ಆಫ್-ಬೈ ಸಾಲು ಸೇರಿಸಿ, ಫೋರ್ಸ್ ಪುಶ್ ಮಾಡಿ ಹಳೆಯದರ ಜಾಗದಲ್ಲಿ ಹೊಸದನ್ನು ಏರಿಸಿದೆ. ತನ್ನ ಕೋಡ್ ಲಿನಕ್ಸ್‌ನಲ್ಲಿ ಸೇರಿದೆ ಎಂದು ಎಸ್‌ಸಿಒ ಕಂಪನಿ ಹೂಡಿದ್ದ ಮೊಕದ್ದಮೆಯ ಗದ್ದಲದ ನಡುವೆ 2004ರಲ್ಲಿ ಲಿನಕ್ಸ್ ಕರ್ನಲ್‌ನವರು ತಂದ ಕ್ರಮವದು. ಈ ಕೋಡನ್ನು ಈ ಪರವಾನಗಿಯಡಿ ಕೊಡುವ ಹಕ್ಕು ನನಗಿದೆ ಎಂದು ಪ್ರಮಾಣೀಕರಿಸುವುದೇ ಆ ಸಾಲಿನ ತಿರುಳು.

ಮರುವಾರ ಕರೆಗೆ ಕಂಪನಿಯ ಕಾನೂನು ವಿಭಾಗದವರೊಬ್ಬರು ಸೇರಿಕೊಂಡರು.

“ಈ ಕೋಡ್ ಯಾರದು ಸರ್?”

“ನಾನೇ ಬರೆದದ್ದು ಮೇಡಂ.”

“ಬರೆದವರು ಯಾರೆಂದು ಕೇಳಲಿಲ್ಲ.”

ಪ್ರಾಜೆಕ್ಟ್ ಮ್ಯಾನೇಜರರ ಮೈಕ್ ಮ್ಯೂಟ್‌ನಲ್ಲಿತ್ತು, ಕೊನೆಯವರೆಗೂ ಹಾಗೆಯೇ ಇತ್ತು. ನಾನು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮನ್ನು ಹಿಡಿದು ವಾದಿಸಿದೆ: ನೌಕರನು ಕೆಲಸದ ಭಾಗವಾಗಿ ಬರೆದದ್ದಕ್ಕೆ ಮಾಲೀಕ ಮೊದಲ ಹಕ್ಕುದಾರನಾಗಬಹುದು, ಆದರೆ ನಾನು ನೌಕರನಲ್ಲ. ಅವರು ನಿಧಾನವಾಗಿ ನನ್ನ ಒಪ್ಪಂದದ ಪುಟವನ್ನು ಪರದೆಯ ಮೇಲೆ ತೆರೆದರು. ಹಕ್ಕಿನ ಲಿಖಿತ ವರ್ಗಾವಣೆಯಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು 19ನೆಯ ಕಲಮು ಭಾವಿಸುತ್ತದೆ. ಆ ಒಪ್ಪಂದ ಬರೆದವರು ಎರಡನ್ನೂ ಬಿಟ್ಟಿರಲಿಲ್ಲ: ಶಾಶ್ವತವಾಗಿ, ಜಗತ್ತಿನಾದ್ಯಂತ. ಕೆಳಗೆ ನನ್ನ ಸಹಿ.

ಪುಲ್ ರಿಕ್ವೆಸ್ಟ್ ಹಿಂತೆಗೆದುಕೊಂಡೆ. ಸಂಬಳವಿಲ್ಲದೆ ರಾತ್ರಿ ಕುಳಿತು ನನ್ನ ಕೋಡ್ ಪರಿಶೀಲಿಸಿದ್ದ, ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್‌ಗೆ ಕಾರಣ ಬರೆಯುವುದು ಆ ಕರೆಗಿಂತ ಕಷ್ಟವಾಯಿತು. ಲೈಬ್ರರಿ ಎಂಐಟಿ ಪರವಾನಗಿಯದಾದ್ದರಿಂದ ತಿದ್ದುಪಡಿಯನ್ನು ಹೊರಗೆ ಕೊಡಲೇಬೇಕೆಂಬ ಕಟ್ಟುಪಾಡು ಕಂಪನಿಗೆ ಇರಲಿಲ್ಲ. ಅವರು ಖಾಸಗಿ ಫೋರ್ಕ್, ಅಂದರೆ ಲೈಬ್ರರಿಯ ತಿದ್ದಿದ ತಮ್ಮದೇ ಪ್ರತಿ, ಇಟ್ಟುಕೊಂಡರು. ಲೈಬ್ರರಿಯ ಪ್ರತಿ ಹೊಸ ಬಿಡುಗಡೆಗೂ ರಿಬೇಸ್ (ನಮ್ಮ ತಿದ್ದುಪಡಿಯನ್ನು ಅದರ ಮೇಲೆ ಮತ್ತೆ ಕೂರಿಸುವುದು), ಪ್ರತಿ ರಿಬೇಸ್‌ಗೂ ಕಾನ್ಫ್ಲಿಕ್ಟ್ (ಎರಡೂ ಕಡೆಯ ಬದಲಾವಣೆಗಳ ತಿಕ್ಕಾಟ), ಅದಕ್ಕೆ ತಗುಲಿದ ಗಂಟೆಗಳನ್ನೆಲ್ಲ ನನ್ನ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ನಮೂದಿಸುತ್ತ ಹೋದೆ. ಕೊನೆಗೆ ಆ ಸಾಲು ಏನೆಂದು ಕೇಳಿದವರು ಲೆಕ್ಕಪತ್ರ ವಿಭಾಗದವರು. ಪ್ಯಾಚನ್ನು ಹೊರಗೆ ಕೊಡಲು ಕಾನೂನು ವಿಭಾಗದ ಅನುಮತಿ ಪತ್ರ ಅದೇ ತಿಂಗಳು ಬಂತು. ತಾಂತ್ರಿಕ ಸಾಲದ (ಇಂದಿನ ಅಡ್ಡದಾರಿಗೆ ಮುಂದೆ ತೆರಬೇಕಾದ ದುಡಿಮೆಯ) ಬಗ್ಗೆ ನಾನು ಮಾಡಿದ್ದ ಸ್ಲೈಡುಗಳನ್ನು ಯಾರೂ ತೆರೆದು ನೋಡಿರಲಿಲ್ಲವೆಂದು ಕಾಣುತ್ತದೆ.

ಈಗ ಕೆಲಸ ಒಪ್ಪುವ ಮೊದಲು, ಈಗಾಗಲೇ ಇರುವ ಓಪನ್ ಸೋರ್ಸ್ ಯೋಜನೆಗಳಿಗೆ ಮಾಡುವ ತಿದ್ದುಪಡಿಗಳು ಹಕ್ಕು ವರ್ಗಾವಣೆಯಿಂದ ಹೊರಗೆ ಎಂಬ ವಾಕ್ಯವನ್ನು ಒಪ್ಪಂದದಲ್ಲಿ ಸೇರಿಸಲು ಕೇಳುತ್ತೇನೆ. ಅನೇಕರು ಒಪ್ಪುತ್ತಾರೆ. ಒಪ್ಪದವರಲ್ಲಿ ಲೈಬ್ರರಿ ತಿದ್ದುವ ಗಂಟೆಗಳಿಗೆ ಹೆಚ್ಚಿನ ದರ ಹೇಳುತ್ತೇನೆ, ರಿಬೇಸ್ ಮಾಡುವವನು ನಾನೇ ತಾನೆ.