ಅದಿರಿನ ದಾರಿ ಹಿಡಿದು ಬೇಲೆಕೇರಿಗೆ

ಅರಬೈಲ್ ಘಟ್ಟ ಇಳಿಯುವಾಗ ಎರಡೂ ಕಡೆ ಕಾಡು ಹಸಿರಾಗಿತ್ತು. 2010ಕ್ಕೆ ಮುಂಚೆ ಈ ಹುಬ್ಬಳ್ಳಿ–ಅಂಕೋಲಾ ರಸ್ತೆಯಲ್ಲಿ ಎಲೆಗಳೂ ಕೆಂಪಾಗಿರುತ್ತಿದ್ದವು. ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಸಾಲಾಗಿ ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದವು.

ಸಂಡೂರಿನಿಂದ ಅದೇ ದಾರಿ ಹಿಡಿದು ಬಂದಿದ್ದೆ. ಅಲ್ಲಿನ ಗಣಿಗಳಲ್ಲಿ ಆಗ ಸುತ್ತಿಗೆ ಹಿಡಿದು ಅದಿರು ಒಡೆದು, ಆರಿಸಿ, ಬುಟ್ಟಿಯಲ್ಲಿ ಹೊತ್ತ ಹೆಂಗಸರನ್ನು ಕಂಡೆ. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನವೂ ನಿಂತವು. ಅಕ್ರಮ ಅಷ್ಟು ಬೆಳೆದಿತ್ತು, ನಿಲ್ಲಿಸಲೇಬೇಕಿತ್ತು. ಆದರೆ ಈ ಹೆಂಗಸರದು ಗುತ್ತಿಗೆದಾರನ ಬಾಯಿಮಾತಿನ ಕೂಲಿ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಪಿಎಫ್ ಇಲ್ಲ. ಕೆಲಸ ಹೋಯಿತು ಅಂತ ತೋರಿಸಲು ಒಂದು ಚೀಟಿಯೂ ಇಲ್ಲ. ಪರಿಹಾರ ಕೇಳುವುದಾದರೂ ಹೇಗೆ?

ಘಟ್ಟದ ಕೆಳಗೆ ಚಹಾ ಕುಡಿಯಲು ನಿಂತೆ. ಅಂಗಡಿಯ ಅಕ್ಕ ಆಗ ಲಾರಿಯವರಿಗೆ ಊಟ ಹಾಕುತ್ತಿದ್ದವರು.

"ನಡುರಾತ್ರಿಗೂ ಒಲೆ ಆರ್ತಿರಲಿಲ್ಲ. ಸಂಘದಲ್ಲಿ ಸಾಲ ಮಾಡಿ ದೊಡ್ಡ ಪಾತ್ರೆ ತಂದಿದ್ದೆ. ಲಾರಿ ನಿಂತ್ವು, ಕಂತು ನಿಲ್ಲಲಿಲ್ಲ ತಂಗಿ. ಕೆಮ್ಮು ಕಡಿಮೆ ಆಯ್ತು, ಅದೂ ಖರೆ."

ಈ ಎರಡು ಮಾತನ್ನೂ ಒಟ್ಟಿಗೇ ಕೇಳಬೇಕು. ಗಣಿ ಬೇಕೋ ಬೇಡವೋ ಅಂತ ಜಗಳವಾಡುವ ನಾವು ಒಂದನ್ನು ಮಾತ್ರ ಕೇಳಿಸಿಕೊಳ್ಳುತ್ತೇವೆ, ಅಲ್ವಾ?

ಬೇಲೆಕೇರಿ ಸಣ್ಣ ಊರು. 2010ರಲ್ಲಿ ಇಲ್ಲಿ ಲಕ್ಷಗಟ್ಟಲೆ ಟನ್ ಅದಿರು ಜಪ್ತಿಯಾಗಿ, ಅದರಲ್ಲಿ ಬಹುಪಾಲು ಕಾಣೆಯಾಯಿತು. ಆ ಅದಿರಿನ ಲೆಕ್ಕ ಕೋರ್ಟು ಕಚೇರಿಗಳಲ್ಲಿ ವರ್ಷಗಟ್ಟಲೆ ನಡೆಯಿತು. ಅದನ್ನು ನಂಬಿ ಬದುಕಿದ್ದ ಹೆಂಗಸರ ಲೆಕ್ಕ ಯಾರೂ ಹಿಡಿಯಲಿಲ್ಲ ಅನ್ನುವುದು ನನಗೆ ನೋವಿನ ವಿಷಯ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ನಿಧಿ ಬಂತು. ಗಣಿಯವರು ಕಟ್ಟುವ ಹಣ ಗಣಿಯಿಂದ ಬಾಧಿತರಾದವರಿಗೆ ಅಂತ ಇರುವ ನಿಧಿ ಅದು. ಮಹಿಳೆ, ಮಕ್ಕಳ ಕಲ್ಯಾಣ ಅದರ ಆದ್ಯತೆಗಳಲ್ಲಿ ಒಂದು. ಸಂಡೂರಿನಲ್ಲಿ ಅದಿರು ಒಡೆದವರನ್ನು ಹಳ್ಳಿ ಹಳ್ಳಿಗೆ ಹೋಗಿ ಪಟ್ಟಿ ಮಾಡಿ, ಆ ಹಣದಲ್ಲಿ ಅವರಿಗೆ ಪಿಂಚಣಿಯನ್ನೋ ಬೇರೆ ಕೆಲಸವನ್ನೋ ಕೊಡಬೇಕು.

ದಡದಲ್ಲಿ ಮೀನು ಒಣಹಾಕುತ್ತಿದ್ದ ಅಮ್ಮನಿಗೆ ಬಂದರು ನಿಂತಿದ್ದು ಸಮಾಧಾನವೇ. ಆಗ ಒಣಮೀನಿಗೂ ಕೆಂಪು ಧೂಳು ಮೆತ್ತಿಕೊಳ್ಳುತ್ತಿತ್ತಂತೆ. ಈಗ ಅವರ ಚಿಂತೆ ಪಕ್ಕದ ಕೇಣಿಯಲ್ಲಿ ಬರಲಿರುವ ಹೊಸ ಬಂದರಿನದು. ಮೀನುಗಾರರು ಅದನ್ನು ವಿರೋಧಿಸುತ್ತಿದ್ದಾರೆ.

"ಶುರು ಮಾಡುವಾಗ್ಲೂ ನಮ್ಮನ್ನ ಕೇಳೂದಿಲ್ಲ, ಮುಚ್ಚುವಾಗ್ಲೂ ಕೇಳೂದಿಲ್ಲ. ಈ ಸಲ ಮೀಟಿಂಗಿಗೆ ನಾವೇ ಹೋಗಿ ಕೂತ್ಕಳ್ತೇವೆ" ಅಂದರು.